ಧಾರವಾಡದ ಬಸ್ಸು

ನಾನು ಚಿಕ್ಕವನಿದ್ದಾಗ ಸಿದ್ದಾಪುರ ಸೀಮೆಯ ನಮ್ಮ ಮನೆಯಲ್ಲಿ ಮಕ್ಕಳನ್ನು ಹೆದರಿಸುವುದಕ್ಕೆ ಗುಮ್ಮನನ್ನು ಕರೆಯುವ ಅಗತ್ಯವಿರಲಿಲ್ಲ. ಹಠ ಅತಿಯಾಯಿತೆಂದರೆ ಅಮ್ಮಮ್ಮ ಒಲೆಯ ಮುಂದಿನಿಂದಲೇ ಗದರುತ್ತಿದ್ದಳು: “ಹೀಂಗೆ ಮಾಡಿದ್ರೆ ಧಾರವಾಡದ ಬಸ್ಸು ಹತ್ತಸ್ತಿ ನೋಡು!” ಅಷ್ಟಕ್ಕೇ ಮನೆ ತಣ್ಣಗಾಗುತ್ತಿತ್ತು. ಧಾರವಾಡವೆಂದರೆ ಬೇಂದ್ರೆಯವರ ಊರು, ವಿದ್ಯೆಯ ಊರು, ಪೇಡೆಯ ಊರು ಎಂದು ನಾನು ತಿಳಿದದ್ದು ಕಾಲೇಜಿನ ಮೆಟ್ಟಲು ಹತ್ತಿದ ಮೇಲೆ. ಅಲ್ಲಿಯವರೆಗೆ ಅದು ನನ್ನ ಪಾಲಿಗೆ ಹುಚ್ಚರ ಆಸ್ಪತ್ರೆಯ ಊರು. ಹೋದವರು ಮರಳಿದರೂ ಮೊದಲಿನವರಾಗಿ ಮರಳದ ಊರು.

ನಾನು ಹೀಗೆ ನಂಬಿದ್ದಕ್ಕೆ ಕಾರಣವೊಂದು ನಮ್ಮ ಹೊರಜಗುಲಿಯಲ್ಲಿಯೇ ಕುಳಿತಿತ್ತು. ನನ್ನ ಅಜ್ಜನಿಗೊಬ್ಬ ತಮ್ಮನಿದ್ದರು. ಮಕ್ಕಳಾದ ನಾವು ಅವರನ್ನು ಸಣ್ಣಜ್ಜ ಎನ್ನುತ್ತಿದ್ದೆವು. ೧೯೬೦ರ ದಶಕದ ಮೊದಮೊದಲಲ್ಲಿ ಅವರ ಚಿತ್ತ ಕೆಟ್ಟಿತಂತೆ. ರಾತ್ರಿಯೆಲ್ಲ ತೋಟದಲ್ಲಿ ಅಲೆಯುವುದು, ಯಾರೋ ಕರೆದರೆಂದು ಓಗೊಡುವುದು, ಊಟ ಬಿಡುವುದು ನಡೆಯಿತು. ಕವಡೆ ಹಾಕಿಸಿ ನೋಡಿದರು, ಅಂತ್ರ ಕಟ್ಟಿಸಿದರು, ಚೌಡಿಗೆ ಹರಕೆ ಹೊತ್ತರು. ಕಡೆಗೆ ಕೈಸೋತು ಧಾರವಾಡಕ್ಕೆ ಒಯ್ದರು. ಎರಡು ವರ್ಷಗಳ ತರುವಾಯ ಸಣ್ಣಜ್ಜ ನೆಟ್ಟಗಾಗಿ ತಿರುಗಿ ಬಂದರು. ಆದರೆ ಮನೆಯೊಳಗಿನ ಅವರ ಸ್ಥಳ ಅಷ್ಟರೊಳಗೆ ಮುಚ್ಚಿಹೋಗಿತ್ತು. ಹೊರಜಗುಲಿಯ ಮೂಲೆ ಅವರ ಪಾಲಿಗೆ ಬಂತು. ಪಂಕ್ತಿಯಲ್ಲಿ ಅವರಿಗೆ ಮಣೆ ಇಡುತ್ತಿರಲಿಲ್ಲ. ಬಾಳೆಲೆ ಜಗುಲಿಗೇ ಹೋಗುತ್ತಿತ್ತು. ತೋಟದ ಮಾತಿಗೆ, ಮದುವೆಯ ಮಾತಿಗೆ ಅವರನ್ನು ಯಾರೂ ಕೇಳುತ್ತಿರಲಿಲ್ಲ. ನಾನು ಕಂಡ ಕಾಲಕ್ಕೆ ಅವರು ಮುಪ್ಪಾಗಿದ್ದರು. ಅಡಿಕೆ ಹಾಳೆಯ ಟೊಪ್ಪಿ ಹೊಲಿಯುತ್ತ, ಯಕ್ಷಗಾನ ಪ್ರಸಂಗಗಳ ಪದ್ಯಗಳನ್ನು ಮೆಲ್ಲಗೆ ಹೇಳಿಕೊಳ್ಳುತ್ತ ಇದ್ದರು. ಇಂದು ನಾನು ಶಿರಸಿಯಲ್ಲಿ ಕನ್ನಡ ಪಾಠ ಹೇಳಿ ಬದುಕುತ್ತಿದ್ದೇನೆಂದರೆ ಕನ್ನಡದ ಮೊದಲ ರುಚಿ ಹತ್ತಿಸಿದವರು ಅವರೇ. ಅವರಲ್ಲಿ ಹುಚ್ಚಿನ ಎಳೆಯೊಂದನ್ನೂ ನಾನು ಕಾಣಲಿಲ್ಲ.

ವೈದ್ಯರು ತಮ್ಮ ಕೆಲಸವನ್ನು ಮಾಡಿದ್ದರು. ತನ್ನ ಕೆಲಸವನ್ನು ಮಾಡದೆ ಉಳಿದದ್ದು ನಮ್ಮ ಮನೆ. ಈ ಮಾತು ನನಗೆ ಹೊಳೆಯುವುದಕ್ಕೆ ಬಹಳ ವರ್ಷ ಬೇಕಾಯಿತು. ಎರಡು ವರ್ಷಗಳ ಹಿಂದೆ ಯಲ್ಲಾಪುರ ತಾಲೂಕಿನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ನಡೆದ ಸಂಗತಿಯೊಂದು ಅದನ್ನು ಮತ್ತೆ ಕೆದಕಿತು. ಆ ಸಂಗತಿಯನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮುನ್ನ, ಮನೋವೈದ್ಯನೆಂಬವನು ನಮ್ಮ ಕಡೆಗೆ ಬಂದ ದಾರಿಯನ್ನು ಸ್ವಲ್ಪ ಹಿಂದಿರುಗಿ ನೋಡುವುದು ಒಳಿತು.

ನಮ್ಮ ಮೂರು ತಾಲೂಕುಗಳಿಗೆ ಧಾರವಾಡವೇ ಏಕೆ ಗಂಟುಬಿತ್ತು? ಟಿಪ್ಪುವಿನ ಪತನದ ತರುವಾಯ ಕೆನರಾ ಸೀಮೆ ಮದರಾಸು ಇಲಾಖೆಗೆ ಸೇರಿತ್ತು. ೧೮೬೨ರಲ್ಲಿ ಅದರ ಉತ್ತರಭಾಗವನ್ನು ಮುಂಬಯಿ ಇಲಾಖೆಗೆ ಕೊಟ್ಟರು. ಅಂದಿನಿಂದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಣ್ಣು ಬಯಲುಸೀಮೆಯ ಕಡೆಗೆ ತಿರುಗಿತು. ಮುಂಬಯಿ ಸರಕಾರದ ಹುಚ್ಚರ ಆಸ್ಪತ್ರೆಯೊಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಧಾರವಾಡದಲ್ಲಿ ನೆಲೆಗೊಂಡಿತ್ತು. ಮೈಸೂರು ಸಂಸ್ಥಾನದವರಿಗೆ ಬೆಂಗಳೂರು ಇದ್ದ ಹಾಗೆ ನಮಗೆ ಅದು. ಸಿದ್ದಾಪುರದ ಗಡಿಗೆ ತಾಗಿ ಸಾಗರವಿದ್ದರೂ ೧೯೫೬ರ ಏಕೀಕರಣದವರೆಗೆ ಅದು ಬೇರೆಯ ರಾಜ್ಯ.

ಅಂದಿನ ಕಾನೂನನ್ನು ಈಗ ಓದಿದರೆ ಮೈ ಜುಮ್ಮೆನ್ನುತ್ತದೆ. ಈ ವಿಷಯದಲ್ಲಿ ಬ್ರಿಟಿಷರ ಮೊದಲ ಕಾಯಿದೆಗಳು ೧೮೫೮ರವು. ಅವುಗಳನ್ನು ಮೀರಿ ಬಹುಕಾಲ ಬಾಳಿದ್ದು ೧೯೧೨ರ ಲ್ಯುನಸಿ ಕಾಯಿದೆ. ಅದರ ಮುಖ್ಯ ದಾರಿಯಂತೆ, ರೋಗಿಯ ಕಡೆಯವರು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು. ಇಬ್ಬರು ವೈದ್ಯರ ಸರ್ಟಿಫಿಕೇಟು ಹಚ್ಚಬೇಕು. ಹುಕುಮು ಹೊರಟ ಮೇಲೆ ರೋಗಿಯನ್ನು ಒಳಗೆ ಕಳಿಸಬೇಕು. ಜಮೀನಿನ ತಕರಾರಿಗೂ ಇದಕ್ಕೂ ರೀತಿಯಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಕಾಯಿದೆಯ ಮೊದಲ ಚಿಂತೆ ಊರಿನ ನೆಮ್ಮದಿ. ರೋಗಿಯ ನೆಮ್ಮದಿ ಆಮೇಲಿನದು. ೧೯೨೦ರ ದಶಕದಲ್ಲಿ ಅಸೈಲಮ್ ಎಂಬ ಹೆಸರನ್ನು ತೆಗೆದು ಮೆಂಟಲ್ ಹಾಸ್ಪಿಟಲ್ ಎಂದು ಕರೆದರು. ಬೆಂಗಳೂರಿನದಕ್ಕೆ ಈ ಹೊಸ ಹೆಸರು ಬಂದದ್ದು ೧೯೨೫ರಲ್ಲಿ. ಅಸೈಲಮ್ ಎಂದರೆ ಮೂಲದಲ್ಲಿ ಆಶ್ರಯವೆಂದು ಅರ್ಥ. ಆ ಮೃದುವಾದ ಅರ್ಥ ನಮ್ಮ ಜನದ ಕಿವಿಗೆ ಎಂದೂ ಬೀಳಲಿಲ್ಲ.

ಹಾಗೆಂದು ನಮ್ಮ ಜನ ಹುಚ್ಚನ್ನು ಕಂಡರೆ ಯಾವಾಗಲೂ ದೂರ ಸರಿದವರೆಂದು ತಿಳಿಯಬಾರದು. ಮರುಳಸಿದ್ಧನನ್ನು ಪೂಜಿಸಿದ ನಾಡು ಇದು. ಹುಚ್ಚಪ್ಪ, ಹುಚ್ಚಮ್ಮ ಎಂದು ಮಕ್ಕಳಿಗೆ ಪ್ರೀತಿಯಿಂದ ಹೆಸರಿಟ್ಟ ನಾಡು. ಮರುಳೆಂಬ ಒಂದೇ ಮಾತಿನಲ್ಲಿ ದೈವದ ಸೋಂಕನ್ನೂ ಬುದ್ಧಿಯ ಭ್ರಮಣೆಯನ್ನೂ ಹಿಡಿದಿಟ್ಟ ಭಾಷೆ ನಮ್ಮದು. ಆದರೆ ಪೂಜೆಯ ಮರುಳು ಬೇರೆ, ಮನೆಯ ಮರುಳು ಬೇರೆ. ಮಲೆನಾಡಿನ ಮನೆಗಳಂತೂ ಒಂದಕ್ಕೊಂದು ಕೂಗಳತೆಯಲ್ಲಿಯೂ ಇರುವುದಿಲ್ಲ. ಒಂದು ಕಣಿವೆಗೆ ಒಂದು ಮನೆ. ಮುಂದೆ ತೋಟ, ಹಿಂದೆ ಬೆಟ್ಟ. ಒಳಗಿನ ದುಃಖ ಹೊರಗೆ ತಿಳಿಯದಂತೆ ಅಡಗಿಸುವುದು ಇಲ್ಲಿ ಬಹಳ ಸುಲಭ. ಎಷ್ಟು ಜೀವಗಳು ಮೆತ್ತಿಯ ಕತ್ತಲೆಯಲ್ಲಿ ಕಳೆದುಹೋದವೋ ಬಲ್ಲವರಾರು?

ಮಕ್ಕಳ ಮಾತು ಇಲ್ಲಿಯವರೆಗೆ ಎಲ್ಲಿಯೂ ಬರಲಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಮಗುವಿಗೂ ಮನೋವ್ಯಥೆ ಉಂಟು, ಅದಕ್ಕೂ ವೈದ್ಯ ಉಂಟು ಎಂಬುದು ಇಪ್ಪತ್ತನೆಯ ಶತಮಾನದ ವಿಚಾರ. ೧೯೦೯ರಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ವಿಲಿಯಂ ಹೀಲಿ ಎಂಬ ವೈದ್ಯರು, ಕಳವು ಮುಂತಾದ ತಪ್ಪುಗಳಿಗಾಗಿ ನ್ಯಾಯಾಲಯಕ್ಕೆ ಬಂದ ಮಕ್ಕಳನ್ನು ಪರೀಕ್ಷಿಸುವ ಸಂಸ್ಥೆಯನ್ನು ಆರಂಭಿಸಿದರು. ‘ಈ ಹುಡುಗ ಕೆಟ್ಟವನೋ’ ಎನ್ನುವುದರ ಬದಲು ‘ಈ ಹುಡುಗ ಎಂಥ ಮನೆಯಿಂದ ಬಂದ, ಅವನಿಗೆ ಏನಾಗಿದೆ’ ಎಂದು ಕೇಳುವುದು ಹೊಸತಾಗಿತ್ತು. ಆ ಬೀಜ ನಮ್ಮಲ್ಲಿಗೆ ಬರಲು ಬಹಳ ತಡವಾಗಲಿಲ್ಲ. ಮುಂಬಯಿಯಲ್ಲಿ ೧೯೩೬ರಲ್ಲಿ ತೆರೆದ ಟಾಟಾ ಸಮಾಜಕಾರ್ಯ ಶಾಲೆ ಮರುವರ್ಷವೇ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವೊಂದನ್ನು ಆರಂಭಿಸಿತು. ಆದರೆ ಮುಂಬಯಿ ಎಲ್ಲಿ, ಯಲ್ಲಾಪುರದ ಕಾಡು ಎಲ್ಲಿ! ೧೯೪೬ರಲ್ಲಿ ಭೋರ್ ಸಮಿತಿ ಲೆಕ್ಕ ಹಾಕಿದಾಗ, ದೊಡ್ಡವರು ಚಿಕ್ಕವರೆನ್ನದೆ, ದೇಶದ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದ ಹಾಸಿಗೆಗಳು ಸುಮಾರು ೧೦ ಸಾವಿರ ಮಾತ್ರ.

ಹಾಸಿಗೆಗಳಷ್ಟೇ ಅಲ್ಲ, ವೈದ್ಯರೂ ಇರಲಿಲ್ಲ. ಮನೋವೈದ್ಯರನ್ನು ಈ ನೆಲದಲ್ಲಿಯೇ ತಯಾರು ಮಾಡಬೇಕೆಂದು ೧೯೫೪ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ಮುಖ್ಯಸ್ಥರು. ೧೯೫೫ರ ಜನವರಿಯಲ್ಲಿ ಪಾಠಗಳು ಮೊದಲಾದವು. ೧೯೭೪ರಲ್ಲಿ ಈ ಸಂಸ್ಥೆಯೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ಕೂಡಿ ಆದದ್ದೇ ಇಂದಿನ ನಿಮ್ಹಾನ್ಸ್. ಈ ನಡುವೆ ಔಷಧಿಯ ಲೋಕದಲ್ಲಿಯೂ ಒಂದು ತಿರುವು ಬಂದಿತ್ತು. ೧೯೫೨ರಲ್ಲಿ ಪ್ಯಾರಿಸಿನ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಮದ್ದನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದರು. ಕೆಲವೇ ವರ್ಷಗಳಲ್ಲಿ ಅದು ನಮ್ಮ ದೇಶಕ್ಕೂ ಬಂತು. ನಮ್ಮ ಸಣ್ಣಜ್ಜ ಎರಡೇ ವರ್ಷಕ್ಕೆ ಮರಳಿದ್ದು ಆ ಮದ್ದಿನ ಪುಣ್ಯವೇ ಇರಬೇಕೆಂದು ನನ್ನ ಊಹೆ.

ಆದರೆ ಮದ್ದಿಗಿಂತಲೂ ದೊಡ್ಡದೆಂದು ನಾನು ತಿಳಿದಿರುವ ಒಂದು ಕೆಲಸ ಅದೇ ದಶಕದಲ್ಲಿ ಅಮೃತಸರದಲ್ಲಿ ನಡೆಯಿತು. ಅಲ್ಲಿನ ಮಾನಸಿಕ ಆಸ್ಪತ್ರೆಯ ಡಾಕ್ಟರ್ ವಿದ್ಯಾಸಾಗರ್ ಅವರು ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿದರು. ರೋಗಿಯೊಡನೆ ಅವನ ಮನೆಯವರೂ ಬಂದು ಇರಲಿ ಎಂದರು. ತಾಯಿ ಅಲ್ಲಿಯೇ ಅಡಿಗೆ ಮಾಡಿ ಮಗನಿಗೆ ಉಣ್ಣಿಸಬೇಕು. ಅಣ್ಣ ತಮ್ಮನ ಪಕ್ಕದಲ್ಲಿ ಮಲಗಬೇಕು. ವೈದ್ಯರು ಎಲ್ಲರನ್ನೂ ಕೂರಿಸಿಕೊಂಡು ಮಾತನಾಡುವರು. ಇದರಿಂದ ಏನಾಯಿತೆಂದರೆ, ರೋಗ ಇಳಿಯುವುದನ್ನು ಮನೆಯವರು ತಮ್ಮ ಕಣ್ಣಿನಿಂದಲೇ ಕಂಡರು. ಇದು ದೆವ್ವವಲ್ಲ, ಶಾಪವಲ್ಲ, ಜ್ವರದಂತೆ ಬಂದು ಇಳಿಯಬಲ್ಲದ್ದು ಎಂದು ಅರಿತರು. ಊರಿಗೆ ಮರಳಿದಾಗ ರೋಗಿಗೆ ಮನೆಯಲ್ಲಿ ಜಾಗ ಉಳಿದಿತ್ತು. ೧೯೫೭ರಲ್ಲಿ ಆರಂಭವಾದ ವೆಲ್ಲೂರಿನ ಮಾನಸಿಕ ಆರೋಗ್ಯ ಕೇಂದ್ರವೂ ಇದೇ ದಾರಿ ಹಿಡಿಯಿತು. ೧೯೭೦ರ ದಶಕದ ಹೊತ್ತಿಗೆ ಬೆಂಗಳೂರಿನಲ್ಲಿಯೂ ಕುಟುಂಬಕ್ಕೆಂದೇ ವಾರ್ಡು ಏರ್ಪಟ್ಟಿತು. ನಮ್ಮ ಅಜ್ಜನೂ ಅಮ್ಮಮ್ಮನೂ ಹೀಗೆ ನಾಲ್ಕು ವಾರ ಸಣ್ಣಜ್ಜನ ಪಕ್ಕದಲ್ಲಿ ಕುಳಿತಿದ್ದರೆ ಆ ಬಾಳೆಲೆ ಜಗುಲಿಗೆ ಹೋಗುತ್ತಿತ್ತೇ?

ವೈದ್ಯರು ಕಂಡುಕೊಂಡ ಈ ಸತ್ಯವನ್ನು ನಮ್ಮ ಸಾಹಿತ್ಯವೂ ಕಂಡಿತ್ತೆಂಬುದು ಕನ್ನಡದ ಮೇಷ್ಟರಾದ ನನಗೆ ಹೆಮ್ಮೆಯ ಸಂಗತಿ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿಯವರು ‘ಶರಪಂಜರ’ದಲ್ಲಿ ಬಾಣಂತನದ ತರುವಾಯ ಮನೋರೋಗಕ್ಕೆ ತುತ್ತಾದ ಕಾವೇರಿಯ ಕಥೆ ಬರೆದರು. ಆಸ್ಪತ್ರೆ ಅವಳನ್ನು ಗುಣಪಡಿಸಿ ಕಳಿಸಿತು. ಗಂಡನ ಮನೆಯ ಸಂಶಯದ ಕಣ್ಣುಗಳು ಅವಳನ್ನು ಮತ್ತೆ ಕೆಡವಿದವು. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿದಾಗ ನಾಡಿಗೆ ನಾಡೇ ಕಣ್ಣೀರಿಟ್ಟಿತು. ‘ಕೊರವಂಜಿ’ಯ ರಾಶಿಯವರು, ಅಂದರೆ ಡಾಕ್ಟರ್ ಎಂ. ಶಿವರಾಂ ಅವರು, ನಗಿಸುತ್ತ ನಗಿಸುತ್ತಲೇ ‘ಮನಮಂಥನ’ ಬರೆದರು. ಅದಕ್ಕೆ ೧೯೭೬ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಕಣ್ಣೀರಿಟ್ಟ ನಾವು ಚಿತ್ರಮಂದಿರದಿಂದ ಹೊರಗೆ ಬಂದು ನಮ್ಮ ನಮ್ಮ ಮನೆಯ ಕಾವೇರಿಯರನ್ನು ಹೇಗೆ ಕಂಡೆವು ಎಂಬ ಪ್ರಶ್ನೆಯೊಂದು ಉಳಿಯುತ್ತದೆ.

ಇನ್ನು ನೋಟ, ಅಂತ್ರ, ಹರಕೆಗಳ ವಿಚಾರ. ಓದಿದವರು ಇವುಗಳನ್ನು ಕಂಡು ನಗುವುದುಂಟು. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಇಬ್ಬರು ಮನೋವೈದ್ಯರು ನಮ್ಮ ನೆರೆಯ, ಆಗಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕೋಟದಲ್ಲಿ ಮನೆಮನೆ ತಿರುಗಿ ಜನರ ಮನಸ್ಸಿನ ಆರೋಗ್ಯವನ್ನು ಅಭ್ಯಾಸ ಮಾಡಿ, ೧೯೭೬ರಲ್ಲಿ ಪುಸ್ತಕ ಪ್ರಕಟಿಸಿದರು. ಊರಿನವರು ಮಂತ್ರವಾದಿಯ ಬಳಿಗೂ ಹೋಗುತ್ತಾರೆ, ಪಾತ್ರಿಯನ್ನೂ ಕೇಳುತ್ತಾರೆ, ಡಾಕ್ಟರರನ್ನೂ ಕಾಣುತ್ತಾರೆ. ಒಂದಕ್ಕೊಂದು ವಿರೋಧವೆಂದು ಅವರಿಗೆ ತೋರುವುದಿಲ್ಲ. ಈ ಅಭ್ಯಾಸದಿಂದ ಕಂಡುಬಂದದ್ದು ಇದು. ನನಗನಿಸುವುದಿಷ್ಟು: ದೇವರ ಮುಂದೆ ಇಡೀ ಮನೆ ಒಟ್ಟಾಗಿ ನಿಲ್ಲುತ್ತದೆ, ರೋಗಿಯೂ ಅದರೊಳಗೊಬ್ಬನಾಗುತ್ತಾನೆ. ಆ ಒಟ್ಟಾಗುವಿಕೆಯಿಂದ ಸಿಗುವ ಸಮಾಧಾನ ಸುಳ್ಳಲ್ಲ. ಆದರೆ ಸಮಾಧಾನವೇ ಚಿಕಿತ್ಸೆಯಲ್ಲ. ಹರಕೆಯ ಹೆಸರಿನಲ್ಲಿ ವರ್ಷಗಳು ಕಳೆದರೆ ರೋಗ ಬೇರುಬಿಡುತ್ತದೆ.

ರೋಗಿ ಬೆಂಗಳೂರಿಗೆ ಬರಲಾರನೆಂದ ಮೇಲೆ ವೈದ್ಯನೇ ಹಳ್ಳಿಗೆ ಹೋಗಬೇಕಷ್ಟೆ. ೧೯೭೦ರ ದಶಕದಲ್ಲಿ ನಿಮ್ಹಾನ್ಸಿನವರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಈ ಪ್ರಯೋಗಕ್ಕೆ ಕೈಹಾಕಿದರು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದೇ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಸಾಧಾರಣ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋರೋಗದ ಪ್ರಾಥಮಿಕ ಚಿಕಿತ್ಸೆಯನ್ನು ಕಲಿಸಿ ನೋಡಿದರು. ೧೯೯೬ರಲ್ಲಿ ಮೊದಲಾದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ನಮ್ಮಂತೆಯೇ ಅಡಿಕೆಯ ಸೀಮೆಯಾದ ತೀರ್ಥಹಳ್ಳಿ ತಾಲೂಕಿನಲ್ಲಿ ೨೦೦೫ರಿಂದ ನಿಮ್ಹಾನ್ಸಿನ ವೈದ್ಯರು ತೀವ್ರ ಮನೋರೋಗಿಗಳನ್ನು ಹುಡುಕಿ, ಅವರು ಇದ್ದಲ್ಲಿಯೇ ಚಿಕಿತ್ಸೆ ನಡೆಸಿದರು. ೨೦೧೪ರಲ್ಲಿ ರಾಜ್ಯ ಸರಕಾರ ‘ಮನೋಚೈತನ್ಯ’ ಎಂಬ ಕಾರ್ಯಕ್ರಮ ತಂದಿತು: ತಾಲೂಕಾಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರಬೇಕು. ಶಿರಸಿಯ ಮಾರಿಕಾಂಬೆಯ ಭಕ್ತರಿಗೆ ಮಂಗಳವಾರ ದೇವಿಯ ವಾರ. ಆ ದಿನ ಇನ್ನೊಂದು ಬಾಗಿಲೂ ತೆರೆಯಿತು.

ಈಗ ತಂಗಿಯ ಮನೆಯ ಸಂಗತಿಗೆ ಬರುತ್ತೇನೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಅವಳ ಮಗನಿಗೆ ಆಗ ೧೪ ವರ್ಷ, ಒಂಬತ್ತನೆಯ ತರಗತಿ. ಒಂದು ದಿನ ತಂಗಿ ಫೋನು ಮಾಡಿ, “ಅಣ್ಣಾ, ಮಾಣಿ ಮೂರು ವಾರಾತು, ಶಾಲಿಗೆ ಹೋಗ್ತ್ನಿಲ್ಲೆ” ಎಂದಳು. ಬೆಳಗಿನ ಬಸ್ಸಿನ ಹೊತ್ತಿಗೆ ಹೊಟ್ಟೆನೋವು. ಹತ್ತು ಗಂಟೆಗೆ ನೋವೇ ಇಲ್ಲ. ಊರಿನ ಡಾಕ್ಟರರು ರಕ್ತ ಪರೀಕ್ಷಿಸಿದರು, ಏನೂ ಕಾಣಲಿಲ್ಲ. ಭಾವ ಗದರಿದ, ಒಂದು ಸಲ ಹೊಡೆದೂ ಹೊಡೆದ. ತಂಗಿಯ ಅತ್ತೆ ಕಣ್ಣು ತೆಗೆಸಿ, ಕವಡೆ ಹಾಕಿಸಿದರು. ಮಂಗಳವಾರದ ಡಾಕ್ಟರರ ಮಾತು ಬಂದಾಗ, “ಹುಚ್ಚಿನ ಡಾಕ್ಟ್ರ ಹತ್ರ ಹೋದ್ರೆ ನಾಳೆ ಈ ಮಾಣಿಗೆ ಯಾರು ಕೂಸು ಕೊಡ್ತ?” ಎಂದು ತಡೆದರು. ಅವರನ್ನು ನಾನು ಹಳಿಯಲಾರೆ. ಎಂ.ಎ. ಮಾಡಿಕೊಂಡು, ತರಗತಿಯಲ್ಲಿ ‘ಶರಪಂಜರ’ದ ಬಗ್ಗೆ ಉಪನ್ಯಾಸ ಕೊಡುವ ನನ್ನ ಕಣ್ಣಮುಂದೆಯೂ ಆ ಹೊತ್ತಿಗೆ ಬಂದು ನಿಂತದ್ದು ಧಾರವಾಡದ ಬಸ್ಸೇ. “ಸ್ವಲ್ಪ ದಿನ ನೋಡು ತಂಗಿ” ಎಂದು ನಾನೇ ಒಂದು ತಿಂಗಳು ಕಳೆದೆ. ಆ ತಿಂಗಳು ಹುಡುಗನಿಗೆ ನಷ್ಟವಾಯಿತು.

ಕಡೆಗೆ ಹೋದೆವು. ಮನೋವೈದ್ಯರು ಮೊದಲು ಹುಡುಗನೊಡನೆ ಒಂಟಿಯಾಗಿ ಮಾತನಾಡಿದರು, ಆಮೇಲೆ ತಾಯಿಯೊಡನೆ, ಆಮೇಲೆ ತಂದೆಯೊಡನೆ. ಮುಂದಿನ ವಾರ ಅಜ್ಜಿಯನ್ನೂ ಕರೆತರಲು ಹೇಳಿದರು. ನಿಜ ಮೆಲ್ಲಗೆ ಹೊರಬಂತು. ಆ ಮಳೆಗಾಲ ಕೊಳೆರೋಗದಿಂದ ತೋಟದ ಅರ್ಧ ಫಸಲು ಉದುರಿತ್ತು. ಸಾಲದ ಕಂತು ನಿಂತಿತ್ತು. ರಾತ್ರಿ ಗಂಡಹೆಂಡಿರ ನಡುವೆ ಮಾತಿಗೆ ಮಾತು. ಒಂದು ರಾತ್ರಿ ತಂಗಿ ಬೇಸತ್ತು, “ಯಾನು ಎಲ್ಲಿಗಾದ್ರೂ ಹೋಗ್ಬಿಡ್ತಿ” ಎಂದಿದ್ದಳು. ಹುಡುಗ ನಿದ್ದೆಯಲ್ಲಿದ್ದಾನೆಂದು ಅವರು ತಿಳಿದಿದ್ದರು. ಶಾಲೆಯಿಂದ ಮರಳುವಷ್ಟರಲ್ಲಿ ಆಯಿ ಮನೆಯಲ್ಲಿ ಇರುತ್ತಾಳೋ ಇಲ್ಲವೋ ಎಂಬ ಅಂಜಿಕೆಯನ್ನು ಅವನು ಯಾರ ಬಳಿಯೂ ಹೇಳಿರಲಿಲ್ಲ. ಬಾಯಿ ಹೇಳದ್ದನ್ನು ಹೊಟ್ಟೆ ಹೇಳಿತ್ತು.

ಹುಡುಗನಿಗೆ ಮಾತ್ರೆ ಬೇಕಾಗಲಿಲ್ಲ. ತಿಂಗಳುಗಟ್ಟಲೆ ನಿದ್ದೆಗೆಟ್ಟು ಒಳಗೊಳಗೇ ಕುಗ್ಗಿದ್ದ ತಂಗಿಗೆ ಬೇಕಾಯಿತು; ಅವಳು ಕೆಲವು ತಿಂಗಳು ಔಷಧಿ ತೆಗೆದುಕೊಂಡಳು. ಸಾಲದ ವಿಷಯವನ್ನು ಹುಡುಗನಿಂದ ಮುಚ್ಚಿಡದೆ, ಅವನಿಗೆ ತಿಳಿಯುವಷ್ಟು ಹೇಳಬೇಕೆಂದು ವೈದ್ಯರು ಭಾವನಿಗೆ ತಿಳಿಸಿದರು. ಬೆಳಗ್ಗೆ ತಂದೆಯೇ ಬಸ್ಸಿನವರೆಗೆ ಜೊತೆಗೆ ನಡೆಯಬೇಕು. ಮೊದಲು ಅರ್ಧ ದಿನ, ಆಮೇಲೆ ಪೂರ್ತಿ ದಿನ. ಶಾಲೆಯ ಮುಖ್ಯೋಪಾಧ್ಯಾಯರ ಹೆಸರಿಗೊಂದು ಚೀಟಿಯನ್ನೂ ಬರೆದುಕೊಟ್ಟರು. ಮಂತ್ರ ಹಾಕಿದ ಹಾಗೆ ಏನೂ ಆಗಲಿಲ್ಲ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಐದು ತಿಂಗಳು ಹಿಡಿಯಿತು. ಹುಡುಗ ಶಾಲೆಗೆ ಮರಳಿದ.

ಇಂಥ ಮಕ್ಕಳು ವಿರಳವೆಂದು ವಾಚಕರು ಭಾವಿಸಬಾರದು. ನಿಮ್ಹಾನ್ಸಿನ ವೈದ್ಯೆ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರು ನಗರ ಹಾಗೂ ಸುತ್ತಿನ ಹಳ್ಳಿಗಳಲ್ಲಿ ೧೬ ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸಿ, ೨೦೦೫ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನೂರರಲ್ಲಿ ಸುಮಾರು ೧೨ ಮಕ್ಕಳಿಗೆ ಒಂದಲ್ಲ ಒಂದು ಮನೋವ್ಯಾಧಿ ಇತ್ತು. ೪೦ ಮಕ್ಕಳ ತರಗತಿಯಲ್ಲಿ ನಾಲ್ಕೈದು ಮಕ್ಕಳೆಂದಾಯಿತು. ನನ್ನ ತರಗತಿಗೆ ಹೋದಾಗಲೆಲ್ಲ ಈ ಲೆಕ್ಕ ನನಗೆ ನೆನಪಾಗುತ್ತದೆ. ಹಿಂದಿನ ಬೆಂಚಿನ ಮೌನವನ್ನು ಉಡಾಳತನವೆಂದು ನಾನು ಎಷ್ಟು ಸಲ ತಪ್ಪು ತಿಳಿದೆನೋ!

ಕಾನೂನೂ ಈಗ ಬೇರೆಯಾಗಿದೆ. ೧೯೧೨ರ ಕಾಯಿದೆ ಹೋಗಿ ೧೯೮೭ರದು ಬಂತು. ಅದೂ ಹೋಗಿ ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಬಂತು. ಮಗುವನ್ನು ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬೇಕಾಗಿ ಬಂದರೆ, ಅಲ್ಲಿರುವಷ್ಟು ದಿನವೂ ಅದರ ಕಡೆಯವರೊಬ್ಬರು ಜೊತೆಗೆ ಇರಲೇಬೇಕೆಂದು ಈ ಕಾಯಿದೆ ಹೇಳುತ್ತದೆ. ಸರಪಳಿ ಬಿಗಿಯುವುದನ್ನು ನಿಷೇಧಿಸುತ್ತದೆ. ಮನೆಯಿಂದ ಬೇರ್ಪಡಿಸುವುದಕ್ಕೆ ಹುಕುಮು ಬರೆಯುತ್ತಿದ್ದ ಕಾನೂನು ನೂರು ವರ್ಷಗಳ ನಂತರ ಮನೆಯವರು ಜೊತೆಗಿರಲೇಬೇಕೆಂದು ಹೇಳುವಂತಾಯಿತು. ಅಮೃತಸರದ ಡೇರೆಯ ಪಾಠ ಕಾಯಿದೆಯ ಪುಸ್ತಕಕ್ಕೆ ಬಂದು ಸೇರಲು ಹಿಡಿದ ಕಾಲ ಸ್ವಲ್ಪದ್ದಲ್ಲ. ಧಾರವಾಡದ ಆ ಹಳೆಯ ಆಸ್ಪತ್ರೆಯೂ ಇಂದು ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನಗಳ ಸಂಸ್ಥೆಯಾಗಿ, ಮನೋವೈದ್ಯರನ್ನು ತಯಾರು ಮಾಡುವ ಶಾಲೆಯೂ ಆಗಿದೆ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ ೧೪೪೧೬ ಎಂಬ ಸಂಖ್ಯೆಗೆ ಫೋನು ಮಾಡಿದರೆ ಸಾಕು, ಕನ್ನಡದಲ್ಲಿಯೇ ಮಾತನಾಡಬಹುದು.

ಇಷ್ಟೆಲ್ಲ ಬಂದರೂ ಮನೋವೈದ್ಯನ ಕೈಯಲ್ಲಿ ಇಲ್ಲದ್ದು ಒಂದಿದೆ. ಊಟದ ಪಂಕ್ತಿಯಲ್ಲಿ ಮಣೆ ಇಡುವ ಅಧಿಕಾರ ಮನೆಯವರದೇ. ಆ ಮಣೆ ಎಷ್ಟು ಮುಖ್ಯವೆಂದು ಮನೆಯವರಿಗೆ ತಿಳಿಯಹೇಳುವುದೇ ಅವನ ಕೆಲಸದ ಬಹುಭಾಗವೆಂದು ನನಗೆ ತೋರಿದೆ.

ಕಳೆದ ತಿಂಗಳು ಶಿರಸಿಯ ಬಸ್ ನಿಲ್ದಾಣದಲ್ಲಿ ತಂಗಿಯ ಮಗನೊಡನೆ ನಿಂತಿದ್ದೆ. ಧಾರವಾಡದ ಫಲಕ ಹೊತ್ತ ಬಸ್ಸೊಂದು ಬಂದು ನಿಂತಿತು. ನನ್ನ ಎದೆ ಹಳೆಯ ಅಭ್ಯಾಸದಂತೆ ಒಂದು ಕ್ಷಣ ತಡೆಯಿತು. ಹುಡುಗ ಫಲಕವನ್ನು ಓದಿ, “ಮಾವಾ, ಧಾರವಾಡದಲ್ಲಿ ಕೃಷಿ ಕಾಲೇಜು ಇದ್ದಡ. ಯಂಗೆ ಅಲ್ಲಿ ಓದವು ಅಂತ ಆಸೆ ಇದ್ದು” ಎಂದ.

“ಓದು” ಎಂದೆ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಇಬ್ಬರೂ ನೋಡುತ್ತ ನಿಂತೆವು.